ಅರ್ಧ ಭಾಷಣದ ಮನಶ್ಶಾಸ್ತ್ರಜ್ಞ

ಮರ್ಗಿಲಾನ್ ಪಟ್ಟಣದ ನಮ್ಮ ಮೊಹಲ್ಲಾದಲ್ಲಿ ಈಗಲೂ ಯಾರಾದರೂ ಟೀವಿ ನೋಡುತ್ತಿರುವಾಗ ನಾನು ಒಳಗೆ ಕಾಲಿಟ್ಟರೆ, ಮನೆಯವರು ಮೊದಲು ಟೀವಿ ಆರಿಸುತ್ತಾರೆ, ಆಮೇಲೆ ಸಲಾಂ ಹೇಳುತ್ತಾರೆ. ನಾನೇನು ಕಳ್ಳನಲ್ಲ, ಸಾಲಗಾರನೂ ಅಲ್ಲ. ಹೆಚ್ಚುಕಮ್ಮಿ ಒಂದು ಚಳಿಗಾಲದ ಮಟ್ಟಿಗೆ ನಾನು ಮನಶ್ಶಾಸ್ತ್ರಜ್ಞನಾಗಿದ್ದೆ, ಅಷ್ಟೇ.

ನನ್ನ ಹೆಸರು ಹಮ್ರೋಕುಲ್. ಪ್ರಾಯದಲ್ಲಿ ನಮ್ಮೂರ ಸಿನಿಮಾ ಮಂದಿರದಲ್ಲಿ ರೀಲು ಓಡಿಸುತ್ತಿದ್ದೆ. ಆಮೇಲೆ ಜನ ಟಿಕೆಟ್ಟಿಲ್ಲದೆ ಮನೆಯಲ್ಲೇ ಟೀವಿ ಮುಂದೆ ಕೂತು ಅಳುವುದನ್ನು ಕಲಿತರು. ಮಂದಿರ ಮದುವೆಯ ಸಭಾಂಗಣವಾಯಿತು, ನಾನು ಅದರ ಬೀಗದ ಕೈಯನ್ನೂ ಚಹಾಕ್ಕೆ ನೀರು ಕಾಯಿಸುವ ಸಮೋವರನ್ನೂ ನೋಡಿಕೊಳ್ಳುವವನಾದೆ. ಆ ಸಭಾಂಗಣಕ್ಕೆ ಒಂದು ದಿನ ತಾಷ್ಕೆಂಟಿನಿಂದ ಒಬ್ಬ ಪ್ರೊಫೆಸರಮ್ಮ ಬಂದರು. ಟೀವಿ, ಸಿನಿಮಾ, ಪುಸ್ತಕಗಳಿಗೂ ಮನುಷ್ಯನ ಮನಸ್ಸಿಗೂ ಏನು ಸಂಬಂಧ ಎಂಬುದರ ಮೇಲೆ ಅವರ ಭಾಷಣ. ಕೇಳಲು ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದು ಅರಿತಿದ್ದ ಮೊಹಲ್ಲಾದ ಅಧ್ಯಕ್ಷ ಸೋತ್ವೊಲ್ದಿ, ಭಾಷಣವಾದ ಮೇಲೆ ಪಲಾವು ಇದೆ ಎಂದು ಮನೆಮನೆಗೂ ಹೇಳಿ ಜನ ಸೇರಿಸಿದ. ಪಲಾವು ಇರಲಿಲ್ಲ.

ಪ್ರೊಫೆಸರಮ್ಮ ಚೆನ್ನಾಗಿ ಮಾತಾಡಿದರು. ಮನುಷ್ಯ ಪರದೆಯ ಮೇಲೆ ಯಾರನ್ನು ಮೆಚ್ಚುತ್ತಾನೆ, ಯಾವ ಜಾಗದಲ್ಲಿ ಅಳುತ್ತಾನೆ, ಯಾವ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತಾನೆ ಎಂದು ನೋಡಿದರೆ, ಅವನು ಒಳಗೆ ಏನನ್ನು ಬಚ್ಚಿಟ್ಟುಕೊಂಡಿದ್ದಾನೆ ಎಂಬುದರ ಸುಳಿವು ಸಿಗುತ್ತದಂತೆ. ನನ್ನ ಕಿವಿ ನೆಟ್ಟಗಾಯಿತು. ಇಡೀ ಪ್ರಾಯವನ್ನು ನಾನು ಯಂತ್ರದ ಕೋಣೆಯ ಕಿಂಡಿಯಿಂದ ಜನರ ಬೆನ್ನು ನೋಡುತ್ತ ಕಳೆದವನು. ಯಾರ ಭುಜ ಯಾವ ದೃಶ್ಯಕ್ಕೆ ಅಲುಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ವಿಜ್ಞಾನ ನನಗಾಗಿಯೇ ಹುಟ್ಟಿದೆ ಅನ್ನಿಸಿತು.

ಅಷ್ಟರಲ್ಲಿ ಸೋತ್ವೊಲ್ದಿ ಬಂದು, ಜನ ಪಲಾವು ಎಲ್ಲಿ ಎಂದು ಕೇಳುತ್ತಿದ್ದಾರೆ, ಬೇಗ ಚಹಾವನ್ನಾದರೂ ಇಡು ಎಂದು ಕೈ ಹಿಡಿದು ಎಬ್ಬಿಸಿದ. ಸಮೋವರಿನ ಹೊಗೆಕೊಳವೆ ಕಟ್ಟಿಕೊಂಡಿತ್ತು. ಊದಿ ಊದಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ನಾನು ವಾಪಸು ಬರುವಷ್ಟರಲ್ಲಿ ಭಾಷಣದ ಉಳಿದ ಅರ್ಧ ಮುಗಿದು ಚಪ್ಪಾಳೆ ಬೀಳುತ್ತಿತ್ತು. ಪ್ರೊಫೆಸರಮ್ಮ ನನ್ನ ಚಹಾ ಕುಡಿದು, ಸಂತೋಷ ಎಂದು ಹೇಳಿ, ಕೈ ಕುಲುಕಿ ಹೋದರು. ಆ ಕೈಕುಲುಕನ್ನೇ ನಾನು ಪದವಿ ಎಂದುಕೊಂಡೆ. ನಮ್ಮಲ್ಲಿ ಬಟ್ಟಲಿಗೆ ಎಷ್ಟು ಕಡಿಮೆ ಚಹಾ ಹುಯ್ದರೆ ಅಷ್ಟು ಮರ್ಯಾದೆ, ಮತ್ತೆ ಮತ್ತೆ ಹುಯ್ಯುತ್ತ ಕೂರಿಸಿಕೊಳ್ಳುವ ಆಸೆ ಇದೆ ಎಂದರ್ಥ. ಅಂಚಿನವರೆಗೆ ಹುಯ್ದರೆ, ಇದನ್ನು ಕುಡಿದು ಹೊರಡಿ ಎಂದರ್ಥ. ಅವತ್ತು ಪಲಾವಿನ ಆಸೆಗೆ ಬಂದ ಜನ ಒಬ್ಬೊಬ್ಬರಾಗಿ ಬಂದು ಸೋತ್ವೊಲ್ದಿಯ ಬಟ್ಟಲನ್ನು ತುಳುಕುವಷ್ಟು ತುಂಬಿಸಿದರು.

ನನ್ನ ವಿಜ್ಞಾನದ ಮೊದಲ ಪ್ರಯೋಗ ನಡೆದದ್ದು ಹಿಪ್ಪುನೇರಳೆ ಮರದ ಕೆಳಗಿನ ಎಗಂಬೆರ್ದಿಯ ಕ್ಷೌರದಂಗಡಿಯಲ್ಲಿ. ಅವನು ನನ್ನ ಬಾಲ್ಯದ ಗೆಳೆಯ. ಅಂಗಡಿಯ ಮೂಲೆಯ ಟೀವಿಯಲ್ಲಿ ತುರ್ಕಿ ಧಾರಾವಾಹಿ ನಡೆಯುತ್ತಿತ್ತು. ಮೀಸೆಯ ಖಳನನ್ನು ಪೊಲೀಸರು ಹಿಡಿದದ್ದೇ ತಡ, ನನ್ನ ಗಡ್ಡದ ಅರ್ಧದಲ್ಲಿ ಕತ್ತಿ ನಿಲ್ಲಿಸಿ ಎಗಂಬೆರ್ದಿ ನಿಟ್ಟುಸಿರು ಬಿಟ್ಟ. ಪಾಪ, ಸಿಕ್ಕಿಬಿದ್ದ ಎಂದ. ನಾನು ಬೆಂಚಿನ ಮೇಲೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡೆ.

"ಎಗಂಬೆರ್ದಿ, ನಿನ್ನೊಳಗೆ ಒಬ್ಬ ಕೊಲೆಗಾರ ಅಡಗಿ ಕೂತಿದ್ದಾನೆ ಕಣಯ್ಯ. ಹೆದರ್ಕೋಬೇಡ, ಇದು ವಿಜ್ಞಾನ."

"ಅಲ್ಲ ಮಾರಾಯ, ಕತ್ತಿ ನನ್ನ ಕೈಲಿದೆ, ಅದರ ಕೆಳಗಿರೋದು ನಿನ್ನ ಗಂಟಲು. ಇಂಥಾ ಮಾತು ಆಡೋಕೆ ಬೇರೆ ಹೊತ್ತು ಸಿಗಲಿಲ್ವಾ ನಿಂಗೆ?"

ಮಾತು ಸರಿಯಾಗಿತ್ತು. ನನಗೇ ಭಯವಾಯಿತು. ಟವೆಲನ್ನು ಕುತ್ತಿಗೆಯಲ್ಲೇ ಇಟ್ಟುಕೊಂಡು ಅರ್ಧ ಗಡ್ಡದಲ್ಲಿ ಮನೆಗೆ ಬಂದೆ. ನನ್ನ ಹಿಂದೆಯೇ ಬೆಂಚೂ ಖಾಲಿಯಾಯಿತಂತೆ. ಒಂದು ತಿಂಗಳಲ್ಲಿ ಮೊಹಲ್ಲಾದ ಗಂಡಸರಿಗೆಲ್ಲ ಗಡ್ಡ ಬಂತು. ಮಸೀದಿಯ ಇಮಾಮರು ಜನರಲ್ಲಿ ಇದ್ದಕ್ಕಿದ್ದಂತೆ ಭಕ್ತಿ ಹೆಚ್ಚಿದ್ದನ್ನು ಕಂಡು ಕಣ್ಣು ತುಂಬಿಕೊಂಡರು. ನಾನು ಮನೆಯಲ್ಲೇ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯಲು ಶುರುಮಾಡಿದೆ. ಕೊಲೆಗಾರ ಮಾಡಬಹುದಾದ ಗಾಯಗಳನ್ನೆಲ್ಲ ನಾನೇ ಮಾಡಿಕೊಂಡೆ.

ಗೋಡೆಯಾಚೆಯ ರೋಹತ್ ದೊಡ್ಡಮ್ಮನದು ಎರಡನೆಯ ಪ್ರಯೋಗ. ಧಾರಾವಾಹಿಯಲ್ಲಿ ಸೊಸೆ ಮನೆಯಿಂದ ಹೊರಹಾಕಿದ ಅತ್ತೆಯನ್ನು ನೋಡಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳ ಸೊಸೆಯೋ ಅತ್ತೆಯ ಕಾಲಿಗೆ ಬಿಸಿನೀರು ಹಾಕುವಂಥ ಹುಡುಗಿ. ನಿನ್ನೊಳಗಿನ ಆಸೆ ಏನೆಂದರೆ ಸೊಸೆ ನಿನ್ನನ್ನು ಓಡಿಸಬೇಕು, ಊರೆಲ್ಲ ನಿನಗಾಗಿ ಅಳಬೇಕು ಎಂದು ನಾನು ವಿವರಿಸಿದೆ. ಸೊಸೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು. ಇಷ್ಟು ಮಾಡಿದರೂ ಇಂಥ ಹೆಸರು ಬರುವುದಾದರೆ ತನಗೇಕೆ ಬೇಕು ಎಂದು ಹಾಸಿಗೆ ಸುತ್ತಿಕೊಂಡು ತವರಿಗೆ ಹೋದವಳನ್ನು ಕರೆತರಲು ದೊಡ್ಡಮ್ಮ ಮೂರು ಸಲ ಬಸ್ಸು ಹತ್ತಬೇಕಾಯಿತು.

ಸೋತ್ವೊಲ್ದಿ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಓದದವನು. ಪತ್ತೇದಾರಿ ಓದುವವನು ತಾನೇ ಏನನ್ನೋ ಮುಚ್ಚಿಟ್ಟಿರುತ್ತಾನೆ ಎಂದು ಚಹಾದಂಗಡಿಯಲ್ಲಿ ಹೇಳಿಬಿಟ್ಟೆ. ಅಲ್ಲಿದ್ದವರಿಗೆ ತಟ್ಟನೆ ಮೊಹಲ್ಲಾದ ದೊಡ್ಡ ಕಡಾಯಿ ನೆನಪಾಯಿತು. ಎಲ್ಲರ ಮದುವೆಗೂ ಪಲಾವು ಬೇಯಿಸಿದ ಆ ಕಡಾಯಿ ಹೋದ ವರ್ಷ ಕಾಣೆಯಾಗಿತ್ತು. ಮರುದಿನ ಯಾರೋ ಹೋಗಿ ನೋಡಿದರೆ, ಅದು ಸೋತ್ವೊಲ್ದಿಯ ಅಳಿಯನ ಹಟ್ಟಿಯಲ್ಲಿ ಕುರಿಗಳಿಗೆ ನೀರಿಡುವ ತೊಟ್ಟಿಯಾಗಿತ್ತು. ನನ್ನ ವಿಜ್ಞಾನ ಗುರಿ ಮುಟ್ಟಿದ್ದು ಅದೊಂದೇ ಸಲ, ಅದೂ ಆಕಸ್ಮಿಕವಾಗಿ. ಆದರೆ ಆ ದಿನದಿಂದ ಮೊಹಲ್ಲಾ ನನ್ನ ಮಾತನ್ನು ನಂಬಿತು. ನಾನೂ ನಂಬಿದೆ, ಅದೇ ತಪ್ಪಾದದ್ದು.

ನನಗೆ ಮಣಿಯದೆ ಉಳಿದವಳು ನನ್ನ ಹೆಂಡತಿ ಮಸ್ತೂರಾ. ಅವಳು ಟೀವಿಯಲ್ಲಿ ಹವಾಮಾನ ವರದಿ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ನೀನು ಸಂಸಾರದಲ್ಲಿ ಸದಾ ಬಿರುಗಾಳಿಯನ್ನು ನಿರೀಕ್ಷಿಸುತ್ತಿದ್ದೀಯ ಎಂದು ಅವಳಿಗೆ ಬಿಡಿಸಿ ಹೇಳಿದೆ.

"ಒಗೆದ ಬಟ್ಟೆ ಒಣಗಬೇಕಲ್ಲ," ಅಂದಳು.

ಇಷ್ಟಾಗುವಾಗ ನಮ್ಮ ಮಗಳು ಜುಲ್ಹುಮೋರಳಿಗೆ ಸಂಬಂಧ ಬಂತು. ಹುಡುಗ ಮುಜ್ರೋಬ್, ರಿಷ್ತಾನಿನ ಕುಂಬಾರರ ಮನೆಯವನು. ವಾರವಾರ ನಮ್ಮ ಸಂತೆಗೆ ನೀಲಿ ತಟ್ಟೆಗಳನ್ನು ತರುತ್ತಿದ್ದ. ಜುಲ್ಹುಮೋರ್ ರೇಷ್ಮೆ ಬಣ್ಣಹಾಕುವ ಕಾರ್ಖಾನೆಯಿಂದ ಬರುವಾಗ ಒಂದೊಂದು ತಟ್ಟೆ ಕೊಂಡು ತರುತ್ತಿದ್ದಳು. ಮನೆಯಲ್ಲಿ ಇರುವುದು ಮೂರೇ ಜನ, ತಟ್ಟೆ ಮಾತ್ರ ಇಡೀ ಮೊಹಲ್ಲಾಗೆ ಬಡಿಸುವಷ್ಟು. ಊರವರ ಒಳಮನಸ್ಸನ್ನೆಲ್ಲ ಬಗೆದು ನೋಡುತ್ತಿದ್ದ ನಾನು, ಮಗಳಿಗೆ ಪಿಂಗಾಣಿ ಎಂದರೆ ಇಷ್ಟ ಎಂದುಕೊಂಡಿದ್ದೆ. ಸಂಬಂಧದ ವಿಷಯ ಬಂದಾಗ ಅವಳು ತಲೆ ತಗ್ಗಿಸಿ ಸುಮ್ಮನಾದಳು. ನಮ್ಮ ಮನೆಗಳಲ್ಲಿ ಹಾಗೆಂದರೆ ಒಪ್ಪಿಗೆ. ಹಿಂದೆ ಬಂದ ಮೂರು ಸಂಬಂಧಗಳಿಗೆ ಅವಳು ಸುಮ್ಮನಿರಲಿಲ್ಲ, ಇಲ್ಲಿಯವರೆಗೆ ಬಂದಿದ್ದಾರೆ ನೋಡೋಣ ಎಂದಿದ್ದಳು. ಆ ಮೂರು ಮನೆಯವರೂ ನಮ್ಮಲ್ಲಿ ಬಂದು, ಚಹಾ ಕುಡಿದು, ಎದ್ದು ಹೋದವರು ಮತ್ತೆ ಬಂದಿರಲಿಲ್ಲ. ಕಾರಣ ನನಗೆ ತಿಳಿದಿರಲಿಲ್ಲ. ಹಣೆಬರಹ ಎಂದು ಮಸ್ತೂರಾಳಿಗೆ ಸಮಾಧಾನ ಹೇಳಿದ್ದೆ.

ಸಂಬಂಧ ಕುದುರುವ ಮೊದಲು ಗಂಡಿನ ಕಡೆಯವರು ಹೆಣ್ಣಿನ ಮನೆಗಲ್ಲ, ಅಕ್ಕಪಕ್ಕದ ಮನೆಗಳಿಗೆ ಹೋಗಿ ವಿಚಾರಿಸುತ್ತಾರೆ. ನೆರೆಯವರು ಏನು ಹೇಳಬೇಕು ಎಂಬುದು ಅಜ್ಜಂದಿರ ಕಾಲದಿಂದಲೂ ಗೊತ್ತಾದದ್ದೇ. ಹುಡುಗಿ ಚಿನ್ನ, ತಾಯಿ ರನ್ನ, ತಂದೆ ಗಂಭೀರ. ಇವತ್ತು ನೀವು ನಮ್ಮ ಮಗಳಿಗೆ ಹೇಳಿ, ನಾಳೆ ನಾವು ನಿಮ್ಮ ಮಗಳಿಗೆ ಹೇಳುತ್ತೇವೆ. ಈ ಒಂದು ಮಾತಿನ ಮೇಲೆ ಇಡೀ ಫರ್ಗಾನಾ ಕಣಿವೆಯ ಸಂಸಾರಗಳು ನಡೆದುಕೊಂಡು ಬಂದಿವೆ. ಆದ್ದರಿಂದ ಹುಡುಗನ ಅಜ್ಜಿಯೂ ಸೋದರಮಾವನೂ ನಮ್ಮ ಬೀದಿಗೆ ಬಂದಿದ್ದಾರೆ ಎಂದು ಕೇಳಿದಾಗ ನಾನು ನಿಶ್ಚಿಂತೆಯಿಂದ ದಿಂಬಿಗೆ ಒರಗಿ ಕೂತೆ.

ಮಧ್ಯಾಹ್ನ ರೋಹತ್ ದೊಡ್ಡಮ್ಮ ಬಂದಳು. ಮುಖದಲ್ಲಿ ಕೆಲಸ ಚೆನ್ನಾಗಿ ಮಾಡಿ ಮುಗಿಸಿದವರ ಕಳೆ ಇತ್ತು. ಹುಡುಗಿ ಬಂಗಾರ ಅಂದೆ, ಅವಳು ತಟ್ಟಿದ ರೊಟ್ಟಿ ಮಾರನೇ ದಿನಕ್ಕೂ ಮೆತ್ತಗಿರುತ್ತೆ ಅಂದೆ, ಅಜ್ಜಿ ತಲೆದೂಗಿದಳು ಎಂದು ವರದಿ ಒಪ್ಪಿಸಿದಳು. ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು.

"ಆಮೇಲೆ ಅಪ್ಪ ಹೇಗೆ ಅಂತ ಕೇಳಿದ್ರು," ಎಂದಳು ದೊಡ್ಡಮ್ಮ. "ನಿಜ ಹೇಳ್ದೆ."

"ಏನು ನಿಜ?"

"ವಾರಕ್ಕೊಂದು ಸಲ ಅದೇ ರೈಲಿನ ಸಿನಿಮಾ ಹಾಕ್ಕೊಂಡು ಕೂರ್ತಾನೆ, ಮದುವೆಯಾದ ಮಗಳು ರೈಲು ಹತ್ತೋ ಹೊತ್ತಿಗೆ ಗೋಳೋ ಅಂತ ಅಳ್ತಾನೆ, ಗೋಡೆ ಆಚೆ ನಮಗೂ ಕೇಳುತ್ತೆ ಅಂದೆ. ವಿಜ್ಞಾನದ ಲೆಕ್ಕದಲ್ಲಿ ಅದರರ್ಥ ಮಗಳನ್ನ ಕಳಿಸೋಕೆ ಅವನಿಗೆ ಇಷ್ಟ ಇಲ್ಲ ಅಂದೆ. ಯಾಕೆ, ತಪ್ಪಾಯ್ತಾ? ನೀನೇ ಕಲಿಸಿದ್ದಲ್ವಾ?"

ಆ ಸಿನಿಮಾ ನಿಜ. ನಾನು ರೀಲು ಓಡಿಸುತ್ತಿದ್ದ ಕಾಲದ ಹಳೆಯ ಕಪ್ಪುಬಿಳುಪು ಚಿತ್ರ. ರೈಲು ಹೊರಡುತ್ತದೆ, ಅಪ್ಪ ನಿಲ್ದಾಣದ ಕಂಬದ ಪಕ್ಕ ಟೋಪಿ ಹಿಡಿದು ನಿಂತಿರುತ್ತಾನೆ. ಒಂದು ಸಲ ಆ ಜಾಗದಲ್ಲಿ ನಾನು ರೀಲು ಬದಲಿಸುವುದನ್ನೇ ಮರೆತು, ಜನ ಬಿಳಿ ಪರದೆ ನೋಡುತ್ತ ಕೂತು, ಆಮೇಲೆ ಕುರ್ಚಿ ಒದ್ದಿದ್ದರು. ಜುಲ್ಹುಮೋರ್ ಹುಟ್ಟಿದ ವರ್ಷ ಅದು. ಆದರೆ ಅದು ಕಲೆ. ಕಲೆಗೆ ಅಳುವುದು ಬೇರೆ, ಇವರ ಧಾರಾವಾಹಿಗೆ ಅಳುವುದು ಬೇರೆ. ಇದನ್ನು ದೊಡ್ಡಮ್ಮನಿಗೆ ತಿಳಿಹೇಳಲು ನೋಡಿದೆ.

"ನೀನು ಸಮೋವರ್ ಊದೋಕೆ ಹೋಗಿದ್ದೆ," ಅಂದಳು ಅವಳು. "ಆಮೇಲೆ ಆ ಪ್ರೊಫೆಸರಮ್ಮ ಇನ್ನೂ ಮುಖ್ಯವಾದ್ದು ಹೇಳಿದ್ಲು. ಇದೆಲ್ಲ ಬರೀ ಸುಳಿವು, ತೀರ್ಪಲ್ಲ. ನೆರೆಯವರ ಮೇಲೆ ಪ್ರಯೋಗ ಮಾಡಬೇಡಿ, ನೋಡ್ಕೊಳ್ಳೋದಾದ್ರೆ ಮೊದಲು ನಿಮ್ಮನ್ನ ನೀವು ನೋಡ್ಕೊಳ್ಳಿ ಅಂದ್ಲು. ನೀನು ಮಾತ್ರ ನಿನ್ನನ್ನ ಬಿಟ್ಟು ಎಲ್ಲರನ್ನೂ ನೋಡ್ತಿದ್ದೆಯಲ್ಲ, ನಮಗೇನೋ ನಿನ್ನದು ಬೇರೆ ಡಿಗ್ರಿ ಇರಬೇಕು ಅನ್ನಿಸ್ತು."

ನಾನು ಎಗಂಬೆರ್ದಿಯ ಅಂಗಡಿಗೆ ಓಡಿದೆ. ಹುಡುಗನ ಸೋದರಮಾವ ಅಲ್ಲೇ ಕ್ಷೌರ ಮಾಡಿಸಿಕೊಂಡು ಹೋಗಿದ್ದ. ಹೊರ ಊರಿನವನಾದ್ದರಿಂದ ಕೊಲೆಗಾರನ ವಿಷಯ ತಿಳಿದಿರಲಿಲ್ಲ, ಬಹಳ ದಿನಗಳ ಮೇಲೆ ಸಿಕ್ಕ ಗಿರಾಕಿ. ಎಗಂಬೆರ್ದಿ ಅವನಿಗೆ ಮನಸ್ಸು ಬಿಚ್ಚಿ ಎಲ್ಲವನ್ನೂ ಹೇಳಿದ್ದ. ಬೀಗರಾಗುವ ಮನುಷ್ಯ ಕೆಟ್ಟವನಲ್ಲ, ತಲೆ ಸ್ವಲ್ಪ ಸಡಿಲ, ಊರಿನವರ ಗಂಟಲಿಗೆಲ್ಲ ಹೆದರಿಕೆ ಹಚ್ಚಿದ್ದಾನೆ ಎಂದಿದ್ದ. ಸೋತ್ವೊಲ್ದಿಯೂ ತನ್ನ ಪಾಲಿನದನ್ನು ಸೇರಿಸಿದ್ದ. ಅವನಿಗೆ ಕಡಾಯಿಯ ಉರಿ ಇನ್ನೂ ಆರಿರಲಿಲ್ಲ.

"ಯಾಕಯ್ಯ ಹೀಗೆ ಮಾಡಿದೆ?" ಎಂದು ಕೇಳಿದೆ.

ಎಗಂಬೆರ್ದಿ ಖಾಲಿ ಕುರ್ಚಿಯ ಧೂಳು ಹೊಡೆಯುತ್ತ, "ನನ್ನೊಳಗಿನ ಕೊಲೆಗಾರ ಮಾಡಿದ ಕಣೋ," ಅಂದ. "ನಾನಂತೂ ಅವನನ್ನ ತಡೆದೆ."

ರಿಷ್ತಾನಿನಿಂದ ಸುದ್ದಿ ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಮಸ್ತೂರಾ ನನ್ನೊಡನೆ ಮಾತು ಬಿಟ್ಟಳು. ಅದಕ್ಕಿಂತ ಕಷ್ಟವೆಂದರೆ ಜುಲ್ಹುಮೋರ್ ಮಾತು ಬಿಡಲಿಲ್ಲ. ಎಂದಿನಂತೆ ಅಪ್ಪಾ ಊಟಕ್ಕೆ ಬಾ ಅನ್ನುವಳು. ಊಟವಾದ ಮೇಲೆ ನೀಲಿ ತಟ್ಟೆಗಳನ್ನೆಲ್ಲ ಕಪಾಟಿನಿಂದ ಇಳಿಸಿ, ತೊಳೆದು, ಒರೆಸಿ, ಮತ್ತೆ ಮೇಲಿಡುವಳು. ಯಾರೂ ಉಂಡಿರದ ತಟ್ಟೆಗಳು. ಆ ನೀರಿನ ಸದ್ದು ನಿಲ್ಲುವವರೆಗೆ ನಾನು ಅಂಗಳದಲ್ಲಿ ಸುತ್ತು ಹಾಕುತ್ತಿದ್ದೆ. ಒಂದು ಸಂಜೆ ತಡೆಯಲಾರದೆ, ಮಗಳೇ, ನಿನಗೆ ಯಾವ ಸಿನಿಮಾ ನೋಡಿದರೆ ಅಳು ಬರುತ್ತದೆ ಎಂದು ಕೇಳಿದೆ. ಕ್ಷಮೆ ಕೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬಂದದ್ದು ಅದು.

"ಇಷ್ಟು ದಿನಕ್ಕೆ ಕೇಳಿದೆಯಲ್ಲ," ಅಂದಳು ಅವಳು ತಟ್ಟೆ ಒರೆಸುತ್ತ. "ನಾನು ಸಿನಿಮಾ ನೋಡೋದೇ ಇಲ್ಲಪ್ಪ. ನಿನ್ನ ಪಕ್ಕ ಕೂತು ನಿನ್ನ ಮುಖ ನೋಡ್ತಿರ್ತೀನಿ. ರೈಲು ಬರುವಾಗ ನನಗೂ ಅಳು ಬರುತ್ತೆ."

ನಾನು ಟೀವಿಯ ತಂತಿಯನ್ನು ಕಿತ್ತು ಕಪಾಟಿನ ಮೇಲಿಟ್ಟೆ. ಮಸ್ತೂರಾ ಬಂದು ಅದನ್ನು ಮತ್ತೆ ಸಿಕ್ಕಿಸಿ ಹವಾಮಾನ ನೋಡಿದಳು.

ಹುಡುಗನ ಅಜ್ಜಿ ಬಂದದ್ದು ಯಾರೂ ನಿರೀಕ್ಷಿಸದ ಒಂದು ಗುರುವಾರ. ಕುಳ್ಳಗೆ, ಗಟ್ಟಿಮುಟ್ಟಾಗಿ, ಕೈಬೆರಳ ಸಂದಿಯಲ್ಲಿ ಇನ್ನೂ ಜೇಡಿಮಣ್ಣಿದ್ದ ಹೆಂಗಸು. ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಅವಳು ನಮ್ಮ ಗೇಟು ದಾಟುವಷ್ಟರಲ್ಲಿ ರೋಹತ್ ದೊಡ್ಡಮ್ಮ ಗೋಡೆಯ ಮೇಲಿಂದ ತಲೆ ಹಾಕಿದ್ದಳು. ಸೋತ್ವೊಲ್ದಿ ಬೀದಿಯ ನಲ್ಲಿಯಲ್ಲಿ ಕೈ ತೊಳೆಯಲು ಶುರುಮಾಡಿದ್ದ, ಬಹಳ ಹೊತ್ತು ತೊಳೆದ. ಮಸ್ತೂರಾ ಬಾದಾಮಿ, ಒಣದ್ರಾಕ್ಷಿ, ಕಲ್ಲುಸಕ್ಕರೆ ಎಲ್ಲ ತಂದು ಹರಡಿ, ನನ್ನ ಕೈಗೆ ಚಹಾದ ಕುಡಿಕೆ ಕೊಟ್ಟು, ಬಾಯಿ ಮುಚ್ಚಿಕೊಂಡಿರು ಎಂದು ಕಣ್ಣಲ್ಲೇ ಹೇಳಿದಳು.

ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಅಜ್ಜಿ ದಾರಿಯ ಬಗ್ಗೆ, ಈ ಸಲದ ದಾಳಿಂಬೆಯ ಬಗ್ಗೆ ಮಾತಾಡಿದಳು. ನಾನು ಮರ್ಯಾದೆಯಿಂದ ಅವಳ ಬಟ್ಟಲಿಗೆ ಚಹಾ ಹುಯ್ದು ಎರಡೂ ಕೈಯಿಂದ ಮುಂದೆ ಹಿಡಿದೆ. ಮಸ್ತೂರಾಳ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಜುಲ್ಹುಮೋರ್ ಕಣ್ಣು ಮುಚ್ಚಿಕೊಂಡಳು. ನಾನು ಕೆಳಗೆ ನೋಡಿದೆ. ಬಟ್ಟಲು ಅಂಚಿನವರೆಗೆ ತುಂಬಿ, ಚಹಾ ನನ್ನ ಹೆಬ್ಬೆರಳ ಮೇಲೆ ಹರಿಯುತ್ತಿತ್ತು.

"ಹಿಂದಿನ ಮೂರು ಸಲವೂ ಇವರು ಹೀಗೇ ಮಾಡಿದ್ರು," ಎಂದು ಮಸ್ತೂರಾ ಅಳುವ ದನಿಯಲ್ಲಿ ಹೇಳಿದಳು. ಅವಳು ಇಷ್ಟು ದಿನ ಅದನ್ನು ಯಾರಿಗೂ, ನನಗೂ ಹೇಳಿರಲಿಲ್ಲ. "ಮನೆಗೆ ಬೇರೆ ಯಾರೇ ಬರಲಿ, ಸರಿಯಾಗೇ ಹುಯ್ತಾರೆ. ಹೆಣ್ಣು ಕೇಳೋಕೆ ಬಂದವರಿಗೆ ಮಾತ್ರ ಕೈ ನಿಲ್ಲೋದೇ ಇಲ್ಲ."

ಗೋಡೆಯ ಮೇಲಿನಿಂದ ರೋಹತ್ ದೊಡ್ಡಮ್ಮ, ನೋಡಿದ್ರಾ, ನಾನು ಹೇಳ್ಲಿಲ್ವಾ ಎಂದು ಅಜ್ಜಿಗೆ ನೆನಪಿಸಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಮಾತ್ರ ಏಳಲಿಲ್ಲ. ಬಟ್ಟಲನ್ನು ತೆಗೆದುಕೊಂಡು ಮುಕ್ಕಾಲು ಚಹಾವನ್ನು ನಿಧಾನವಾಗಿ ಕುಡಿಕೆಗೆ ವಾಪಸು ಸುರಿದಳು. ಉಳಿದ ಗುಟುಕನ್ನು ಕುಡಿದಳು.

"ಮದುವೆ ವಿಚಾರಿಸೋದೇ ನನ್ನ ಕೆಲಸ ಆಗಿಹೋಗಿದೆ ಈ ವಯಸ್ಸಿಗೆ," ಅಂದಳು. "ಎಲ್ಲಿ ಹೋದ್ರೂ ಹುಡುಗಿ ಚಿನ್ನ, ಅಪ್ಪ ಗಂಭೀರ. ಒಂದು ಮಾತೂ ನಂಬೋಕಾಗಲ್ಲ. ನಿಮ್ಮ ಬೀದೀಲಿ ಮಾತ್ರ ಹುಡುಗಿ ಚಿನ್ನ, ಅಪ್ಪ ಹುಚ್ಚ ಅಂದ್ರು. ಹುಚ್ಚ ಅನ್ನೋದು ನಿಜ ಅಂದ್ಮೇಲೆ ಚಿನ್ನ ಅನ್ನೋದೂ ನಿಜ ಇರಬೇಕಲ್ಲ. ನನ್ನ ಮಗನ ಗಡ್ಡವನ್ನ ನಿಮ್ಮ ಕ್ಷೌರಿಕ ಎಷ್ಟು ನುಣ್ಣಗೆ ಮಾಡಿದ್ದ ಗೊತ್ತಾ? ಅವನೂ ಸುಳ್ಳು ಹೇಳೋನಲ್ಲ."

ಅವಳು ಗಂಟು ಬಿಚ್ಚಿದಳು. ಒಳಗೆ ಅಗಲವಾದ ಎರಡು ರೊಟ್ಟಿಗಳಿದ್ದವು. ಎರಡು ಮನೆಯವರು ಸೇರಿ ರೊಟ್ಟಿ ಮುರಿದರೆ ಮಾತು ಗಟ್ಟಿಯಾದಂತೆ, ಆಮೇಲೆ ಯಾರೂ ಹಿಂತೆಗೆಯುವ ಹಾಗಿಲ್ಲ. ರೊಟ್ಟಿಯನ್ನು ನನ್ನ ಕಡೆ ಚಾಚಿದಳು. ನಾನು ಅದರ ಅಂಚನ್ನು ಹಿಡಿದೆ. ಕೊನೆಯ ಆಸೆಯೆಂಬಂತೆ, ಹುಡುಗ ಟೀವಿಯಲ್ಲಿ ಏನು ನೋಡುತ್ತಾನೆ ಎಂಬ ಪ್ರಶ್ನೆ ನನ್ನ ಬಾಯಿಂದ ಹೊರಟೇಬಿಟ್ಟಿತು. ಮಸ್ತೂರಾ ತಲೆ ಮೇಲೆ ಕೈಹೊತ್ತಳು.

"ಟೀವಿ ಮುಂದೆ ಕೂತ ಕೂಡಲೇ ಗೊರಕೆ ಹೊಡೀತಾನೆ," ಅಂದಳು ಅಜ್ಜಿ. "ದಿನವಿಡೀ ತಿಗರಿ ತಿರುಗಿಸಿದೋನಿಗೆ ಇನ್ನೇನು ಆಗುತ್ತೆ?"

ನಿದ್ದೆಯ ಒಳಾರ್ಥವನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಸ್ತೂರಾ ಅದರೊಳಗೆ ಒಂದು ದೊಡ್ಡ ಕಲ್ಲುಸಕ್ಕರೆ ತುರುಕಿದಳು. ರೊಟ್ಟಿ ಮುರಿಯಿತು. ಯಾರು ಮುರಿದರು ಎಂದು ನನಗೆ ಈಗಲೂ ಅನುಮಾನವಿದೆ. ಅಜ್ಜಿಯ ಕೈ ಗಟ್ಟಿ.

ಮದುವೆ ವಸಂತದಲ್ಲಿ ನಡೆಯಿತು. ದೊಡ್ಡ ಕಡಾಯಿಯನ್ನು ಸೋತ್ವೊಲ್ದಿ ತಾನೇ ಉಜ್ಜಿ ಬೆಳಗಿ, ಹೆಗಲು ಕೊಟ್ಟು ತಂದ. ಪಲಾವಿಗೆ ಒಂದಿಷ್ಟು ಕುರಿಯ ವಾಸನೆ ಇತ್ತು, ಅದು ಮಾಂಸದ್ದೇ ಎಂದು ಎಲ್ಲರೂ ಒಪ್ಪಿಕೊಂಡರು. ರೋಹತ್ ದೊಡ್ಡಮ್ಮನ ಸೊಸೆ ನೀಲಿ ತಟ್ಟೆಗಳಲ್ಲಿ ಬಡಿಸಿದಳು. ಅಷ್ಟು ತಟ್ಟೆಗಳು ಯಾತಕ್ಕೆ ಎಂದು ಅವತ್ತು ಗೊತ್ತಾಯಿತು.

ಸಂಜೆ ಮಗಳನ್ನು ಕಳಿಸುವ ಹೊತ್ತು ಬಂತು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಜನ ಮದುಮಗಳನ್ನು ನೋಡುತ್ತಾರೆ. ನಮ್ಮ ಮೊಹಲ್ಲಾದವರೆಲ್ಲ ನನ್ನನ್ನು ನೋಡುತ್ತಿದ್ದರು. ಅಳುತ್ತಾನೋ ಇಲ್ಲವೋ ಎಂದು ಚಹಾದಂಗಡಿಯಲ್ಲಿ ಪಂತ ಕಟ್ಟಿದ್ದಾರೆ ಎಂಬ ಸುದ್ದಿಯೂ ಇತ್ತು. ಜುಲ್ಹುಮೋರ್ ಬಂದು ತಲೆ ಬಾಗಿದಳು. ನಾನು ಎರಡು ಕೈ ಎತ್ತಿ ಹರಸಿದೆ, ದನಿ ಸ್ವಲ್ಪವೂ ನಡುಗಲಿಲ್ಲ. ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಟೋಪಿ ಸರಿಮಾಡಿಕೊಳ್ಳುತ್ತ ಬೇಲಿಯ ಕಂಬದ ಪಕ್ಕ ನಿಂತಿದ್ದೆ. ನಿರಾಸೆಯಾಗಿ ಜನ ಚದುರಿದರು. ಗೋಡೆಯಾಚೆ ಬಿಕ್ಕುತ್ತಿದ್ದವಳು ರೋಹತ್ ದೊಡ್ಡಮ್ಮ.

ಮನೆಯೊಳಗೆ ಹೋಗಲು ಕಾಲು ಬರಲಿಲ್ಲ. ನಡೆಯುತ್ತ ಹೋದವನು ಹಿಪ್ಪುನೇರಳೆ ಮರದ ಕೆಳಗೆ ನಿಂತೆ. ಎಗಂಬೆರ್ದಿ ಅಂಗಡಿ ಮುಚ್ಚುತ್ತಿದ್ದವನು ನನ್ನನ್ನೂ, ಬೆಳಗ್ಗೆ ನಾನೇ ಹೆರೆದುಕೊಂಡಿದ್ದ ಗಡ್ಡವನ್ನೂ ಅದರ ಗಾಯಗಳನ್ನೂ ನೋಡಿದ. ಏನೂ ಕೇಳದೆ ಬಾಗಿಲನ್ನು ಮತ್ತೆ ತೆರೆದ. ಟೀವಿಯಲ್ಲಿ ಮೀಸೆಯ ಖಳ ಜೈಲಿನಿಂದ ತಪ್ಪಿಸಿಕೊಂಡು ಓಡುತ್ತಿದ್ದ. ಎಗಂಬೆರ್ದಿ ಅದನ್ನು ಆರಿಸಿದ. ನಾನು ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಹಾಕಿ, ಒಂದು ಚಳಿಗಾಲದ ಮೇಲೆ ಅವನಿಗೆ ನನ್ನ ಕುತ್ತಿಗೆ ಕೊಟ್ಟೆ. ಅವನು ಟವೆಲು ಹೊದಿಸಿದ.

"ಸಾಬೂನು ಕಣ್ಣಿಗೆ ಹೋಯ್ತು ಕಣೋ," ಅಂದೆ ನಾನು, ಕಣ್ಣು ಒರೆಸಿಕೊಳ್ಳುತ್ತ.

ಎಗಂಬೆರ್ದಿ ಟವೆಲಿನ ತುದಿಯನ್ನು ನನ್ನ ಕೈಗೆ ಕೊಟ್ಟ.

"ಒರೆಸ್ಕೋ," ಅಂದ. "ಸಾಬೂನು ನಾನಿನ್ನೂ ಹಚ್ಚಿಲ್ಲ."